ಯಾವ ಕೆಲಸಕ್ಕೆ ಯಾವ ಅಲಾಯ್ ಸ್ಟೀಲ್: ಮುರಿದ ಶಾಫ್ಟಿನಿಂದ ಹೊಸ ಬಾರ್ ತರುವ ತನಕ

ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣದ ಶಾಫ್ಟ್ ಮುರಿಯುತ್ತದೆ. ಯಜಮಾನರು ಎರಡು ತುಂಡನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಲೇತ್ ಅಂಗಡಿಗೆ ಬರುತ್ತಾರೆ. ಅಲ್ಲಿ ನಡೆಯುವ ಮಾತು ಹೆಚ್ಚುಕಮ್ಮಿ ಯಾವಾಗಲೂ ಇಷ್ಟೇ:

"ನೋಡಪ್ಪ, ಈ ಸಲ ಮುರೀದೇ ಇರೋ ಅಂಥ ಸ್ಟೀಲ್ ಹಾಕ್ಬಿಡು. ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ."

"ಆಯ್ತು ಗೌಡ್ರೇ, ಇಎನ್ 24 ಹಾಕ್ತೀನಿ ಬಿಡಿ."

ಇಎನ್ 24 ಅಂದರೆ ಒಂದು ದುಬಾರಿ ಅಲಾಯ್ ಸ್ಟೀಲ್ ಗ್ರೇಡು. ಮುಂದಿನ ಸೀಸನ್ನಿಗೆ ಅದೂ ಮುರಿದರೆ ಬೈಗುಳ ಸ್ಟೀಲಿಗೆ. ತಪ್ಪು ಸ್ಟೀಲಿನದ್ದೇ ಆಗಿರಬೇಕು ಅಂತೇನೂ ಇಲ್ಲ. ಏನು ಕಾರಣಕ್ಕೆ ಮುರಿಯಿತು ಎಂದು ಯಾರೂ ಕೇಳಲಿಲ್ಲ, ಹೊಸ ಬಾರಿಗೆ ಹದ (ಕಾಯಿಸಿ ತಣಿಸುವ ಹೀಟ್ ಟ್ರೀಟ್‌ಮೆಂಟ್) ಮಾಡಿಸಿದ್ದೀರಾ ಎಂದೂ ಕೇಳಲಿಲ್ಲ. ಸಣ್ಣ ವರ್ಕ್‌ಶಾಪ್ ನಡೆಸುವವರು, ಗಿರಣಿ, ಗಾಣ, ಜಲ್ಲಿ ಕ್ರಷರ್ ಇಟ್ಟುಕೊಂಡವರು, ಡಿಪ್ಲೊಮಾ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರು, ಇವರನ್ನು ಮನಸ್ಸಿನಲ್ಲಿಟ್ಟು ಈ ಲೇಖನ.

ಹೆಜ್ಜೆ 1: ಮುರಿದ ತುಂಡನ್ನು ಓದಿ

ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ಮೆಲ್ಲಗೆ ತೊಳೆಯಿರಿ. ವೈರ್ ಬ್ರಷ್ ಹಾಕಿ ಉಜ್ಜಬೇಡಿ, ಎರಡು ತುಂಡನ್ನು ಜೋಡಿಸಿ ನೋಡುವ ಆಸೆಯನ್ನೂ ಬಿಡಿ. ಉಜ್ಜಿದರೆ ಗುರುತು ಅಳಿಸಿಹೋಗುತ್ತದೆ. ಬಿಸಿಲಿನಲ್ಲಿ ಓರೆ ಹಿಡಿದು ನೋಡಿದರೆ ಸಾಮಾನ್ಯವಾಗಿ ಎರಡು ಭಾಗ ಕಾಣುತ್ತದೆ. ಒಂದು ಕಡೆ ನುಣುಪು, ಅದರ ಮೇಲೆ ಕೆರೆಯ ನೀರು ಇಳಿಯುತ್ತಾ ದಡದಲ್ಲಿ ಬಿಟ್ಟುಹೋದ ಹಾಗೆ ಬಾಗಿದ ಗೆರೆಗಳು. ಇನ್ನೊಂದು ಕಡೆ ಒರಟು, ಕಾಳುಕಾಳು.

ನುಣುಪು ಭಾಗವೆಂದರೆ ಬಿರುಕು ದಿನಾ ಸ್ವಲ್ಪಸ್ವಲ್ಪ ಬೆಳೆದ ಜಾಗ. ಇದಕ್ಕೆ ಫಟೀಗ್ ಅನ್ನುತ್ತಾರೆ. ಒರಟು ಭಾಗ ಕೊನೆಗೆ ಒಂದೇ ಏಟಿಗೆ ಹರಿದದ್ದು. ಈಗ ಆ ಬಾಗಿದ ಗೆರೆಗಳು ಎಲ್ಲಿಂದ ಹೊರಟಿವೆ ನೋಡಿ. ಸಾಮಾನ್ಯವಾಗಿ ಅದು ಕೀವೇ (ಕೀ ಕೂರಲು ಶಾಫ್ಟಿನಲ್ಲಿ ಕೊರೆದ ಕಚ್ಚು) ಮೂಲೆಯಾಗಿರುತ್ತದೆ, ಇಲ್ಲವೇ ಬೇರಿಂಗ್ ಕೂರುವಲ್ಲಿ ದಪ್ಪ ತಟ್ಟನೆ ಇಳಿಯುವ ಮೆಟ್ಟಿಲಾಗಿರುತ್ತದೆ. ನುಣುಪು ಭಾಗವೇ ಮುಕ್ಕಾಲು ಪಾಲು ಇದ್ದು ಒರಟು ಭಾಗ ಚಿಕ್ಕದಾಗಿದ್ದರೆ ಶಾಫ್ಟಿನ ಮೇಲೆ ಭಾರ ಅಷ್ಟೇನೂ ಜಾಸ್ತಿ ಇರಲಿಲ್ಲ ಅಂತ ಅರ್ಥ. ಅಲ್ಲಿ ರೋಗ ಇರುವುದು ಚೂಪು ಮೂಲೆಯಲ್ಲಿ. ಟರ್ನರ್‌ಗೆ ಹೇಳಿ ಆ ಮೂಲೆಗೆ ರೇಡಿಯಸ್ ಕೊಟ್ಟು ಗುಂಡಗೆ ಮಾಡಿಸಿದರೆ ಹಳೇ ಸ್ಟೀಲೇ ಬಾಳಿಕೆ ಬಂದೀತು. ಮೂಲೆಯನ್ನು ಹಾಗೇ ಬಿಟ್ಟು ಇನ್ನೂ ಗಟ್ಟಿ ಸ್ಟೀಲ್ ಹಾಕಿದರೆ ಅನುಕೂಲಕ್ಕಿಂತ ಅಪಾಯವೇ ಜಾಸ್ತಿ, ಏಕೆಂದರೆ ಗಡಸು ಹೆಚ್ಚಿದಷ್ಟೂ ಸ್ಟೀಲ್ ಗೀರು, ಮೂಲೆಗಳನ್ನು ಸಹಿಸುವುದು ಕಡಿಮೆ.

ಶಾಫ್ಟ್ ಮುರಿಯದೆ ಹಗ್ಗದಂತೆ ಹುರಿಗೊಂಡಿದ್ದರೆ ವಿಷಯವೇ ಬೇರೆ. ಆಗ ನಿಜವಾಗಿಯೂ ಹೆಚ್ಚು ಬಲದ ಸ್ಟೀಲ್ ಬೇಕು. ಸವೆದು ಸಣ್ಣಗಾಗಿದ್ದರೆ ಮೇಲ್ಮೈ ಗಡಸಾಗಬೇಕು.

ಇನ್ನೊಂದು ದೂರು ಇದೆ: "ಲೋಡ್ ಬಿದ್ದಾಗ ಶಾಫ್ಟ್ ಬಾಗುತ್ತೆ, ತೆಗೆದರೆ ನೆಟ್ಟಗಾಗುತ್ತೆ." ಇದಕ್ಕೆ ಜಗತ್ತಿನ ಯಾವ ಅಲಾಯ್ ಸ್ಟೀಲೂ ಮದ್ದಲ್ಲ. ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಇರಲಿ, ದುಬಾರಿ ಇಎನ್ 24 ಇರಲಿ, ಬಾಗುವುದಕ್ಕೆ ಒಡ್ಡುವ ಬಿಗಿ ಹೆಚ್ಚುಕಮ್ಮಿ ಒಂದೇ, ಸುಮಾರು 200–210 ಗಿಗಾಪಾಸ್ಕಲ್. ಹದ ಮಾಡಿದರೂ ಅದು ಬದಲಾಗುವುದಿಲ್ಲ. ಬದಲಾಯಿಸಬೇಕಾದ್ದು ದಪ್ಪ. 50 ಮಿಮೀ ಇದ್ದದ್ದನ್ನು 60 ಮಾಡಿ, ಬಾಗುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ಸುಮ್ನೆ ಖರ್ಚಾದ ದುಡ್ಡಿಗೆ ಲೆಕ್ಕವಿಲ್ಲ.

ಹೆಜ್ಜೆ 2: ಹೆಚ್ಚಿನ ದುಡ್ಡು ಯಾವುದಕ್ಕೆ ಅಂತ ತಿಳಿಯಿರಿ

ಕಬ್ಬಿಣಕ್ಕೆ ಕಾರ್ಬನ್ ಸೇರಿದರೆ ಸ್ಟೀಲ್. ಅದಕ್ಕೆ ಬೇಕಂತಲೇ ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ, ವೆನೇಡಿಯಂ, ಟಂಗ್‌ಸ್ಟನ್ ಇಂಥವುಗಳನ್ನು ಸೇರಿಸಿದರೆ ಅಲಾಯ್ ಸ್ಟೀಲ್. ಇದರಿಂದ ಸ್ಟೀಲ್ "ಗಟ್ಟಿ" ಆಗುತ್ತದೆ ಅನ್ನುವುದು ಅಂಗಡಿ ಮಾತು. ಅರ್ಧ ಸತ್ಯ. ಹದ ಮಾಡಿದಾಗ ಬರುವ ಗರಿಷ್ಠ ಗಡಸುತನವನ್ನು ಬಹುಪಾಲು ತೀರ್ಮಾನಿಸುವುದು ಕಾರ್ಬನ್. ಉಳಿದವು ಮಾಡುವ ದೊಡ್ಡ ಕೆಲಸವೆಂದರೆ ಆ ಗಡಸುತನವನ್ನು ಒಳಕ್ಕೆ ಇಳಿಸುವುದು.

ಹೇಗೆ ಅಂತ ನೋಡಿ. ಸ್ಟೀಲನ್ನು ಸುಮಾರು 850 ಡಿಗ್ರಿಗೆ ಕಾಯಿಸಿ ತಟ್ಟನೆ ತಣಿಸಿದರೆ ಒಳಗಿನ ರಚನೆ ಬದಲಾಗಿ ಗಡಸಾಗುತ್ತದೆ. ನಿಧಾನಕ್ಕೆ ತಣಿದರೆ ಮೆತ್ತಗೇ ಉಳಿಯುತ್ತದೆ. ಬರೀ ಕಾರ್ಬನ್ ಇರುವ ಸ್ಟೀಲಿಗೆ ಕಾಯುವ ತಾಳ್ಮೆ ಇಲ್ಲ, ಕೆಲವೇ ಕ್ಷಣದಲ್ಲಿ ತಣಿಯಬೇಕು. ದಪ್ಪ ಬಾರಿನ ನಡುಭಾಗ ಅಷ್ಟು ಬೇಗ ತಣಿಯುವುದು ಸಾಧ್ಯವೇ ಇಲ್ಲ. ಮೇಲೆ ಗಡಸು, ಒಳಗೆ ಮೆತ್ತಗೆ. ಕ್ರೋಮಿಯಂ, ಮಾಲಿಬ್ಡಿನಂ, ನಿಕ್ಕಲ್, ಮ್ಯಾಂಗನೀಸ್ ಸೇರಿದಾಗ ಈ ಬದಲಾವಣೆ ನಿಧಾನವಾಗುತ್ತದೆ, ಹಾಗಾಗಿ ನಡುಭಾಗಕ್ಕೂ ಸಮಯ ಸಿಗುತ್ತದೆ. ನೀರಿನ ಬದಲು ಎಣ್ಣೆಗೆ ಅದ್ದಿದರೂ ಸಾಕು. ಎಣ್ಣೆಯಲ್ಲಿ ತಣಿದರೆ ಶಾಫ್ಟ್ ಸೊಟ್ಟಗಾಗುವುದೂ ಬಿರುಕು ಬಿಡುವುದೂ ಕಡಿಮೆ.

ಲೆಕ್ಕದಲ್ಲಿ ಹೇಳುವುದಾದರೆ, ಬರೀ ಕಾರ್ಬನ್ ಸ್ಟೀಲಾದ ಇಎನ್ 8ರ ಹದ ಮಾಡಿದ ಬಾರಿನಿಂದ 700 ಮೆಗಾಪಾಸ್ಕಲ್ ಬಲ ಬೇಕು ಅಂದರೆ ದಪ್ಪ 19 ಮಿಮೀ ಮೀರಬಾರದು ಅಂತ ಬ್ರಿಟಿಷ್ ಮಾನಕ ಹೇಳುತ್ತದೆ. ಅದೇ ಬಲ ಅಲಾಯ್ ಸ್ಟೀಲಾದ ಇಎನ್ 19ರಲ್ಲಿ 150 ಮಿಮೀ ದಪ್ಪಕ್ಕೂ ಸಿಗುತ್ತದೆ. ಎರಡರಲ್ಲೂ ಕಾರ್ಬನ್ ಸುಮಾರು 0.4 ಶೇಕಡಾ ಅಷ್ಟೇ! ವ್ಯತ್ಯಾಸ ಇರುವುದು ಒಂದು ಶೇಕಡಾದ ಆಸುಪಾಸಿನ ಕ್ರೋಮಿಯಂ, ಕಾಲು ಶೇಕಡಾದ ಆಸುಪಾಸಿನ ಮಾಲಿಬ್ಡಿನಂ ಮಾತ್ರ. ಅಮೆರಿಕದ ವಾಲ್ಟರ್ ಜಾಮಿನಿ 1930ರ ದಶಕದಲ್ಲಿ ಇದನ್ನು ಅಳೆಯುವ ಸುಲಭ ದಾರಿ ತೋರಿಸಿದರು. ಒಂದು ಇಂಚು ದಪ್ಪ, ನಾಲ್ಕು ಇಂಚು ಉದ್ದದ ತುಂಡನ್ನು ಕೆಂಪಗೆ ಕಾಯಿಸಿ, ನೇತುಹಾಕಿ, ಕೆಳಗಿನ ತುದಿಗೆ ಮಾತ್ರ ನೀರು ಚಿಮ್ಮಿಸುವುದು. ತಣಿದ ಮೇಲೆ ತುದಿಯಿಂದ ಮೇಲಕ್ಕೆ ಗಡಸು ಅಳೆಯುತ್ತಾ ಹೋಗುವುದು. ಇಂದಿಗೂ ಲ್ಯಾಬುಗಳಲ್ಲಿ ಇದೇ ಪರೀಕ್ಷೆ.

ಇದರಿಂದ ತಿಳಿಯಬೇಕಾದ್ದು ಇಷ್ಟು: ಅಲಾಯ್ ಸ್ಟೀಲಿಗೆ ಕೊಡುವ ಹೆಚ್ಚಿನ ದುಡ್ಡು ಹದ ಆಳಕ್ಕೆ ಇಳಿಯಲಿ ಅನ್ನುವುದಕ್ಕೆ. ಬಾರ್ ತಂದು ಹದವೇ ಮಾಡಿಸದೆ ತಿರುಗಿಸಿ ಹಾಕಿದರೆ ಆ ದುಡ್ಡು ಬಹುಪಾಲು ದಂಡ.

ಹೆಜ್ಜೆ 3: ಶತ್ರು ಯಾರು ಅಂತ ಗುರುತಿಸಿ

ಒಂದೊಂದು ಅಲಾಯ್ ಸ್ಟೀಲ್ ಹುಟ್ಟಿದ್ದೂ ಒಂದೊಂದು ಕಾಟಕ್ಕೆ ಉತ್ತರವಾಗಿ. ಅದರ ಕತೆ ಗೊತ್ತಿದ್ದರೆ ಆರಿಸುವುದು ಸುಲಭ.

ಈ ಕತೆಯ ಶುರು ನಮ್ಮ ಕಡೆಗೂ ತಾಗುತ್ತದೆ. 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ ಚೂರು ಇಟ್ಟು, ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ದಕ್ಷಿಣ ಭಾರತದ ಈ ವೂಟ್ಜ್ ಉಕ್ಕಿನ ಗುಟ್ಟು ಹಿಡಿಯಲು ಹೊರಟವರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಒಬ್ಬರು. 1819ರಿಂದ ಕೆಲವು ವರ್ಷ ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ನಿಕ್ಕಲ್, ಕ್ರೋಮಿಯಂ, ಬೆಳ್ಳಿ, ಪ್ಲಾಟಿನಂ ಎಲ್ಲ ಬೆರೆಸಿ ನೋಡಿದರು. ವೂಟ್ಜ್ ಗುಟ್ಟು ಸಿಗಲಿಲ್ಲ. ಆದರೆ ಅಲಾಯ್ ಸ್ಟೀಲನ್ನು ಕ್ರಮವಾಗಿ ಪರೀಕ್ಷಿಸುವ ಕೆಲಸ ಅಲ್ಲಿಂದ ಶುರುವಾಯಿತು.

ನಿಮ್ಮ ಶತ್ರು ಏಟಿನ ಜೊತೆಗಿನ ಸವೆತವಾದರೆ, ಉತ್ತರ ಮ್ಯಾಂಗನೀಸ್ ಸ್ಟೀಲ್. 1882ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ ಇದನ್ನು ಕಂಡುಹಿಡಿದಾಗ ಅವರಿಗಿನ್ನೂ 25 ತುಂಬಿರಲಿಲ್ಲ. ಮ್ಯಾಂಗನೀಸ್ ಸ್ವಲ್ಪ ಜಾಸ್ತಿಯಾದರೆ ಸ್ಟೀಲ್ ಗಾಜಿನ ಹಾಗೆ ಪುಡಿಯಾಗುತ್ತದೆ ಅಂತ ಎಲ್ಲರೂ ಅಲ್ಲಿಗೇ ಕೈಬಿಟ್ಟಿದ್ದರು. ಇವರು ಇನ್ನೂ ಮುಂದೆ ಹೋಗಿ 12–13 ಶೇಕಡಾ ಹಾಕಿದರು. ಸಿಕ್ಕಿದ್ದು ವಿಚಿತ್ರ ಲೋಹ. ಕಾಯಿಸಿ ನೀರಿಗೆ ಅದ್ದಿದರೆ ಗಡಸಾಗುವ ಬದಲು ಜಿಗುಟಾಗುತ್ತದೆ, ಅಂದರೆ ಸುಲಭಕ್ಕೆ ಒಡೆಯುವುದಿಲ್ಲ. ಆಯಸ್ಕಾಂತ ಅಂಟುವುದಿಲ್ಲ. ಏಟು ಬಿದ್ದಷ್ಟೂ ಮೇಲ್ಮೈ ಗಡಸಾಗುತ್ತದೆ: ಹೊಸದರಲ್ಲಿ ಸುಮಾರು 200 ಬ್ರಿನೆಲ್ (ಗಡಸು ಅಳೆಯುವ ಮಾನ) ಇದ್ದದ್ದು ಕೆಲಸ ಮಾಡುತ್ತಾ ಮಾಡುತ್ತಾ 500ರ ಹತ್ತಿರ ಏರುತ್ತದೆ. ರೈಲ್ವೆ ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ, ನಮ್ಮ ಜಲ್ಲಿ ಕ್ರಷರ್‌ಗಳ ದವಡೆ ಪ್ಲೇಟಿನಲ್ಲಿ ಇರುವುದು ಇದೇ. ಆದರೆ ಒಂದು ಎಚ್ಚರ. ಏಟೇ ಬೀಳದ ಕಡೆ, ಅಂದರೆ ಮರಳು ಸುಮ್ಮನೆ ಜಾರಿಹೋಗುವ ಇಳಿಜಾರಿನ ಚ್ಯೂಟಿಗೆ ಇದನ್ನು ಹಾಕಿದರೆ ಗಡಸಾಗುವ ಅವಕಾಶವೇ ಸಿಗದೆ ಬೇಗ ಸವೆಯುತ್ತದೆ. "ಕ್ರಷರ್‌ಗೆ ಹಾಕ್ತಾರಲ್ಲ, ಒಳ್ಳೇದೇ ಇರ್ಬೇಕು" ಅನ್ನುವ ಲೆಕ್ಕಾಚಾರ ಇಲ್ಲಿ ಕೈಕೊಡುತ್ತದೆ. ಇದರಲ್ಲಿ ತೂತು ಕೊರೆಯಲು ಹೋಗಿ ಡ್ರಿಲ್ ಕಳೆದುಕೊಂಡವರನ್ನು ಕೇಳಿದರೆ ಇನ್ನೂ ಗೊತ್ತಾಗುತ್ತದೆ. ಕೊರೆಯುವುದೂ ಒಂದು ಏಟೇ ಅಲ್ವಾ?

ಬಿಸಿಯೇ ಶತ್ರು, ಅಂದರೆ ಲೋಹ ಕತ್ತರಿಸುವ ಟೂಲ್ ಕಾದು ಹಾಳಾಗುತ್ತಿದೆ ಅಂದರೆ, ಟಂಗ್‌ಸ್ಟನ್ ಕಡೆ ನೋಡಬೇಕು. ರಾಬರ್ಟ್ ಮುಷೆಟ್ 1868ರಲ್ಲಿ ತಂದ ಟಂಗ್‌ಸ್ಟನ್ ಸ್ಟೀಲ್ ಗಾಳಿಯಲ್ಲಿ ತಣಿದರೂ ಗಡಸಾಗುತ್ತಿತ್ತು. ಆಮೇಲೆ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಇಂಥ ಸ್ಟೀಲನ್ನು ಕರಗುವ ಹತ್ತಿರದ ತನಕ ಕಾಯಿಸಿ ಹದ ಮಾಡಿದರು. ಅಷ್ಟು ಕಾಯಿಸಿದರೆ ಟೂಲ್ ಹಾಳು ಅನ್ನುವುದು ಅಂದಿನ ಕಮ್ಮಾರರೆಲ್ಲರ ನಂಬಿಕೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಟೂಲ್ ತುದಿ ಕೆಂಪಗಾದರೂ ಲೇತಿನಲ್ಲಿ ಕತ್ತರಿಸುತ್ತಲೇ ಇತ್ತು. ಅದೇ ಇಂದಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್). ಅಂಗಡಿಯಲ್ಲಿ ಸಿಗುವ ಎಂ2 ಗ್ರೇಡಿನಲ್ಲಿ 6 ಶೇಕಡಾ ಟಂಗ್‌ಸ್ಟನ್, 5 ಮಾಲಿಬ್ಡಿನಂ, 4 ಕ್ರೋಮಿಯಂ, 2 ವೆನೇಡಿಯಂ ಇರುತ್ತದೆ.

ತುಕ್ಕಿಗೆ ಉತ್ತರ ಸ್ಟೇನ್‌ಲೆಸ್. ಬಂದೂಕಿನ ನಳಿಗೆ ಸವೆಯುತ್ತದೆ ಅಂತ ಮದ್ದು ಹುಡುಕುತ್ತಿದ್ದ ಹ್ಯಾರಿ ಬ್ರೇರ್ಲಿ 1913ರಲ್ಲಿ, ಅದೇ ಶೆಫೀಲ್ಡ್‌ನಲ್ಲಿ, ಸುಮಾರು 13 ಶೇಕಡಾ ಕ್ರೋಮಿಯಂ ಇರುವ ಸ್ಟೀಲ್ ಎರಕ ಹೊಯ್ಯಿಸಿದರು. ಅದು ಚಾಕುವಿಗೆ ಹೇಳಿಮಾಡಿಸಿದಂತಿತ್ತು. ಅದೇ ಹೊತ್ತಿಗೆ ಜರ್ಮನಿಯ ಕ್ರುಪ್ ಕಂಪನಿಯಲ್ಲಿ ನಿಕ್ಕಲ್ಲನ್ನೂ ಸೇರಿಸಿ ಇನ್ನೊಂದು ದಾರಿ ಹಿಡಿದಿದ್ದರು. ಹಾಲಿನ ಡೇರಿ ಟ್ಯಾಂಕು, ಅಡುಗೆ ಪಾತ್ರೆಯ 304 ಗ್ರೇಡು ಆ ಮನೆತನದ್ದು.

ಭಾರ ಮತ್ತೆ ಮತ್ತೆ ಬಂದು ದಣಿಸುವ ಕಡೆ, ಅಂದರೆ ಶಾಫ್ಟ್, ಗೇರ್, ಕ್ರ್ಯಾಂಕು, ಸ್ಪ್ರಿಂಗುಗಳಿಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂ ಗುಂಪು. ಇದನ್ನು ಬೆಳೆಸಿದ್ದು ಯುದ್ಧನೌಕೆಯ ಕವಚ ಮತ್ತು ಮೋಟಾರು ಕಾರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಅಷ್ಟು ಹಗುರವಾಗಿದ್ದೂ ಕೆಟ್ಟ ರಸ್ತೆ ತಡೆದುಕೊಂಡಿದ್ದರಲ್ಲಿ ವೆನೇಡಿಯಂ ಸ್ಟೀಲಿನ ಪಾಲು ದೊಡ್ಡದು. ಇವತ್ತಿಗೂ ಅಲಾಯ್ ಸ್ಟೀಲಿನ ದೊಡ್ಡ ಗಿರಾಕಿ ವಾಹನ ಉದ್ಯಮವೇ. ಗೇರ್ ಬಾಕ್ಸ್ ಬಿಚ್ಚಿದರೆ ಒಳಗೆ ಸಿಗುವುದೆಲ್ಲ ಹೆಚ್ಚುಕಮ್ಮಿ ಅದೇ.

ಹೆಜ್ಜೆ 4: ಗ್ರೇಡಿನ ಹೆಸರು ಬಿಡಿಸಿ

ಇಎನ್ ನಂಬರುಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮಾಡಿಕೊಂಡ ಪಟ್ಟಿ. ಅವರು ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಪೀಣ್ಯ ಬಿಟ್ಟಿಲ್ಲ. ಆ ನಂಬರಿನಿಂದ ಒಳಗೇನಿದೆ ಅಂತ ಊಹಿಸಲು ಬರುವುದಿಲ್ಲ, ಬಾಯಿಪಾಠವೇ ಗತಿ. ಅಮೆರಿಕದ ನಾಲ್ಕು ಅಂಕಿ ಹಾಗಲ್ಲ. 4140 ಅಂದರೆ 41 ಕ್ರೋಮ್-ಮಾಲಿ ಗುಂಪು, 40 ಅಂದರೆ 0.40 ಶೇಕಡಾ ಕಾರ್ಬನ್. ಭಾರತೀಯ ಮಾನಕದ 40ಸಿಆರ್4ಎಂಓ3 ಕೂಡ ಬಿಡಿಸಿ ಓದಬಹುದು: ಕಾರ್ಬನ್ 0.40, ಕ್ರೋಮಿಯಂ ಅಂಕಿಯನ್ನು 4ರಿಂದ ಭಾಗಿಸಿದರೆ 1 ಶೇಕಡಾ, ಮಾಲಿಬ್ಡಿನಂ ಅಂಕಿಯನ್ನು 10ರಿಂದ ಭಾಗಿಸಿದರೆ 0.3. ಇವೆರಡೂ ಇಎನ್ 19ರ ಅಣ್ಣತಮ್ಮಂದಿರು.

ದಿನಬಳಕೆಗೆ ಇಷ್ಟು ಗೊತ್ತಿದ್ದರೆ ಸಾಕು. ಸಣ್ಣ ದಪ್ಪದ, ಸಾಧಾರಣ ಭಾರದ ಶಾಫ್ಟಿಗೆ ಇಎನ್ 8, ಇದು ಅಲಾಯ್ ಅಲ್ಲ. ದಪ್ಪ ಜಾಸ್ತಿ, ಭಾರವೂ ಜಾಸ್ತಿ ಅಂದರೆ ಇಎನ್ 19. ದಪ್ಪ 100 ಮಿಮೀ ದಾಟಿಯೂ ಪೂರ್ತಿ ಬಲ ಬೇಕು, ಏಟೂ ಬೀಳುತ್ತದೆ ಅಂದರೆ ಇಎನ್ 24. ಗೇರಿಗೆ ಮೇಲೆ ಗಡಸು ಒಳಗೆ ಜಿಗುಟು ಬೇಕು, ಅದಕ್ಕೆ 20ಎಂಎನ್‌ಸಿಆರ್5 ಅಥವಾ ಇಎನ್ 36 ತಂದು ಕೇಸ್ ಹಾರ್ಡನಿಂಗ್ ಮಾಡಿಸಬೇಕು. ಬೇರಿಂಗ್, ರೋಲರ್‌ಗೆ ಇಎನ್ 31. ಪಂಚು-ಡೈಗೆ ಓಎಚ್‌ಎನ್‌ಎಸ್ ಅಥವಾ ಡಿ2, ಅಲ್ಯೂಮಿನಿಯಂ ಡೈಕಾಸ್ಟಿಂಗಿನಂಥ ಬಿಸಿ ಕೆಲಸಕ್ಕೆ ಎಚ್13.

ನಮ್ಮ ಗಾಣದ ಶಾಫ್ಟಿಗೆ? 75 ಮಿಮೀ ದಪ್ಪ ಅಂತಿಟ್ಟುಕೊಳ್ಳಿ. ಮೂಲೆ ಸರಿಮಾಡಿ ಇಎನ್ 19 ಹಾಕಿದರೆ ಸಾಕು. ಇಎನ್ 24ರ ನಿಕ್ಕಲ್ಲಿಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಹೆಜ್ಜೆ 5: ಕೊಳ್ಳುವಾಗ ಕೇಳಿ, ಪರೀಕ್ಷಿಸಿ

ಕರ್ನಾಟಕದಲ್ಲೇ ಅಲಾಯ್ ಸ್ಟೀಲ್ ತಯಾರಾಗುತ್ತದೆ. ಕೊಪ್ಪಳದ ಗಿಣಿಗೇರಿಯಲ್ಲಿ ಕಲ್ಯಾಣಿ ಸ್ಟೀಲ್ಸ್ ಇದೆ. ಭದ್ರಾವತಿಯ ಕಾರ್ಖಾನೆ ಇನ್ನೂ ಹಳೆಯದು. ಮೈಸೂರು ಸಂಸ್ಥಾನ ಕಟ್ಟಿದ ಈ ಕಾರ್ಖಾನೆ 1923ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಉಸ್ತುವಾರಿಯ ಕಾಲದಲ್ಲಿ, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ಬಳಸಿ ಕಬ್ಬಿಣ ತೆಗೆಯಲು ಶುರುಮಾಡಿತು. ಆಮೇಲೆ ಅಲಾಯ್ ಸ್ಟೀಲಿಗೆ ಹೊರಳಿತು. 2023ರಲ್ಲಿ ಅದನ್ನು ಮುಚ್ಚುವ ನಿರ್ಧಾರ ಬಂದಾಗ ಕಾರ್ಮಿಕರು ಬೀದಿಗಿಳಿದರು. ನೂರು ವರ್ಷದ ಅನುಭವ ಇರುವ ಕಾರ್ಖಾನೆಗೆ ಸ್ವಂತ ಗಣಿ ಇಲ್ಲದೆ ಒದ್ದಾಡುವ ಗತಿ ಬಂದದ್ದು ನನಗಂತೂ ಬೇಸರದ ವಿಷಯ.

ಇರಲಿ, ಅಂಗಡಿಗೆ ಬರೋಣ. ಬಾರಿನ ತುದಿಗೆ ಬಳಿದ ಬಣ್ಣ ನಂಬಬೇಡಿ. ಒಬ್ಬೊಬ್ಬ ವ್ಯಾಪಾರಿಯ ಬಣ್ಣ ಒಂದೊಂದು. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿರುವ ಹೀಟ್ ನಂಬರು (ಒಂದು ಸಲ ಕರಗಿಸಿದ ಸ್ಟೀಲಿಗೆ ಕೊಡುವ ನಂಬರು) ಬಾರಿನ ಮೇಲಿನ ಪಂಚ್ ಜೊತೆ ಹೊಂದುತ್ತದೆಯೇ ನೋಡಿ. ಬಾರ್ ಕತ್ತರಿಸುವಾಗ ಪಂಚ್ ಇರುವ ತುದಿಯನ್ನು ಉಳಿಸಿಕೊಳ್ಳಿ, ಇಲ್ಲವೇ ನಂಬರನ್ನು ನಿಮ್ಮ ತುಂಡಿಗೂ ಹೊಡೆಸಿ. ಅನುಮಾನ ಬಂದರೆ ಬಿಲ್ಲೆಯಷ್ಟು ತುಂಡು ಕತ್ತರಿಸಿ, ಯಾವ ಲೋಹ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರೋ ಟೆಸ್ಟಿಗೆ ಕೊಡಿ. ಕೈಗಾರಿಕಾ ಪ್ರದೇಶಗಳ ಲ್ಯಾಬುಗಳಲ್ಲಿ ಇದು ಬೇಗ ಆಗುವ ಕೆಲಸ.

ಗ್ರೈಂಡರ್‌ಗೆ ಹಿಡಿದು ಕಿಡಿ ನೋಡುವುದು ಹಳೇ ವಿದ್ಯೆ. ಕಾರ್ಬನ್ ಸ್ಟೀಲಿನ ಕಿಡಿ ಬಿಳಿ-ಹಳದಿ, ತುದಿಯಲ್ಲಿ ನಕ್ಷತ್ರದ ಹಾಗೆ ಸಿಡಿಯುತ್ತದೆ. ಎಚ್‌ಎಸ್‌ಎಸ್ ಕಿಡಿ ಮಂಕು ಕೆಂಪು, ಸಿಡಿಯುವುದೇ ಅಪರೂಪ. ಬೆರಕೆಯಾದ ಬಾರುಗಳನ್ನು ಬೇರ್ಪಡಿಸಲು ಇದು ಸಾಕು. ಇಎನ್ 19 ಯಾವುದು, ಇಎನ್ 24 ಯಾವುದು ಅಂತ ಕಿಡಿ ನೋಡಿ ಆಣೆ ಮಾಡುವವರ ಮಾತು ನಾನು ಕೇಳುವುದಿಲ್ಲ. ಆಯಸ್ಕಾಂತವೂ ಅಷ್ಟೇ. 304ಕ್ಕೆ ಅದು ಅಂಟುವುದಿಲ್ಲ, ನಿಜ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202ಕ್ಕೂ ಅಂಟುವುದಿಲ್ಲ.

ಆರ್ಡರಿನಲ್ಲಿ ಬರೀ "ಇಎನ್ 19" ಅಂತ ಬರೆಯಬೇಡಿ. "ಇಎನ್ 19, ಟಿ ಕಂಡಿಶನ್, 248–302 ಬ್ರಿನೆಲ್, ಸರ್ಟಿಫಿಕೇಟ್ ಸಮೇತ" ಅಂತ ಬರೆಯಿರಿ. ಟಿ ಅಂದರೆ ಮೊದಲೇ ಹದ ಮಾಡಿದ ಬಾರ್, 850ರಿಂದ 1000 ಮೆಗಾಪಾಸ್ಕಲ್ ಬಲ. ಕಾರ್ಬೈಡ್ ಟೂಲಿನಲ್ಲಿ ಆರಾಮಾಗಿ ತಿರುಗಿಸಬಹುದು, ಮತ್ತೆ ಕುಲುಮೆಗೆ ಕಳಿಸುವ ರಗಳೆ ಇಲ್ಲ, ಸೊಟ್ಟಗಾಗುವ ಭಯವೂ ಇಲ್ಲ. ಒಂದೆರಡು ಶಾಫ್ಟ್ ಬೇಕಾದವರಿಗೆ ಇದೇ ಒಳ್ಳೆಯ ದಾರಿ.

ಹೆಜ್ಜೆ 6: ಹದ ಮಾಡಿಸುವುದಿದ್ದರೆ

ಮೊದಲು ಒರಟಾಗಿ ತಿರುಗಿಸಿ, 2–3 ಮಿಮೀ ಉಳಿಸಿಕೊಂಡು ಕಳಿಸಿ. ಬಂದಮೇಲೆ ಫಿನಿಶ್ ಮಾಡಿ. ಹಾರ್ಡನಿಂಗ್ ಆದ ಕೂಡಲೇ ಟೆಂಪರಿಂಗ್ (ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸಿ ಪೆಡಸು ಇಳಿಸುವುದು) ಆಗಬೇಕು, ನಾಳೆ ಮಾಡೋಣ ಅಂತ ಬಿಟ್ಟ ತುಂಡು ರಾತ್ರಿಯೇ ಟಪ್ ಅಂತ ಬಿರುಕು ಬಿಟ್ಟೀತು. ಎಷ್ಟು ಗಡಸು ಬೇಕು ಅಂತ ಅಂಕಿಯಲ್ಲಿ ಬರೆದುಕೊಡಿ. "ಚೆನ್ನಾಗಿ ಹಾರ್ಡ್ ಮಾಡಿ" ಅಂದರೆ ಅವರಿಗೆ ತೋಚಿದಷ್ಟು ಮಾಡುತ್ತಾರೆ.

ನಿಕ್ಕಲ್-ಕ್ರೋಮಿಯಂ ಸ್ಟೀಲಿಗೆ ಒಂದು ಹಳೇ ಕಾಯಿಲೆ ಇತ್ತು. ಟೆಂಪರ್ ಮಾಡಿ ನಿಧಾನಕ್ಕೆ ತಣಿಸಿದರೆ, ಸುಮಾರು 375ರಿಂದ 575 ಡಿಗ್ರಿ ನಡುವೆ ಹೆಚ್ಚು ಹೊತ್ತು ಕಳೆದ ತುಂಡು ಗಡಸು ಪರೀಕ್ಷೆಯಲ್ಲಿ ಸರಿಯಾಗೇ ಕಾಣುತ್ತದೆ, ಏಟು ಬಿದ್ದರೆ ಚಕ್ಕಂತ ಒಡೆಯುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಇದು ಫಿರಂಗಿ ತಯಾರಕರ ನಿದ್ದೆ ಕೆಡಿಸಿತ್ತು. ಸ್ವಲ್ಪ ಮಾಲಿಬ್ಡಿನಂ ಬೆರೆಸಿದಾಗ ಕಾಯಿಲೆ ಹತೋಟಿಗೆ ಬಂತು. ಇಎನ್ 24ರಲ್ಲಿ ಆ ಕಾಲು ಶೇಕಡಾ ಮಾಲಿಬ್ಡಿನಂ ಇರುವುದು ಇದಕ್ಕೂ ಸೇರಿ.

ಕೇಸ್ ಹಾರ್ಡನಿಂಗ್ ಮಾಡಿದ ಗೇರಿನಲ್ಲಿ ಗಡಸು ಪದರ ಸುಮಾರು ಒಂದು ಮಿಮೀ ಅಷ್ಟೇ. ಸೊಟ್ಟಗಾಗಿದೆ ಅಂತ ಗ್ರೈಂಡಿಂಗಿನಲ್ಲಿ ಅರ್ಧ ಮಿಮೀ ತೆಗೆದರೆ ದುಡ್ಡು ಕೊಟ್ಟು ಮಾಡಿಸಿದ್ದರಲ್ಲಿ ಅರ್ಧ ಧೂಳಾಗಿ ಹೋಯಿತು.

ಹೆಜ್ಜೆ 7: ವೆಲ್ಡಿಂಗ್ ಮಾಡುವ ಮುಂಚೆ ಒಂದು ಲೆಕ್ಕ

ಸೀಸನ್ ನಡುವೆ ಶಾಫ್ಟ್ ಮುರಿದರೆ ಎಲ್ಲರೂ ಮೊದಲು ಓಡುವುದು ವೆಲ್ಡರ್ ಹತ್ತಿರ. ಬಿಸಿಯಾದ ಜಾಗವನ್ನು ಸುತ್ತಲಿನ ತಣ್ಣನೆ ಲೋಹ ತಟ್ಟನೆ ತಣಿಸುತ್ತದೆ. ಹದ ಆಳಕ್ಕೆ ಇಳಿಯಲಿ ಅಂತ ಹಾಕಿಸಿಕೊಂಡ ಮಿಶ್ರಣವೇ ಇಲ್ಲಿ ತಿರುಗಿ ಬೀಳುತ್ತದೆ. ವೆಲ್ಡ್ ಪಕ್ಕದ ಪಟ್ಟಿ ಗಾಜಿನಂತೆ ಗಡಸಾಗಿ ಬಿರುಕು ಬಿಡುತ್ತದೆ.

ಅಪಾಯ ಎಷ್ಟು ಅಂತ ತಿಳಿಯಲು ಸರ್ಟಿಫಿಕೇಟಿನ ಅಂಕಿ ತೆಗೆದುಕೊಳ್ಳಿ. ಕಾರ್ಬನ್ನಿಗೆ, ಮ್ಯಾಂಗನೀಸಿನ ಆರನೇ ಒಂದು ಭಾಗ, ಕ್ರೋಮಿಯಂ-ಮಾಲಿಬ್ಡಿನಂ-ವೆನೇಡಿಯಂ ಒಟ್ಟಿನ ಐದನೇ ಒಂದು ಭಾಗ, ನಿಕ್ಕಲ್-ತಾಮ್ರ ಒಟ್ಟಿನ ಹದಿನೈದನೇ ಒಂದು ಭಾಗ ಕೂಡಿಸಿ. 0.4ರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಇಎನ್ 8ಕ್ಕೆ ಇದು 0.5ರ ಆಸುಪಾಸು ಬರುತ್ತದೆ. ಇಎನ್ 24ಕ್ಕೆ 0.9! ಅಂದರೆ ವೆಲ್ಡ್ ಮಾಡಲೇಬೇಕಾದರೆ 200–300 ಡಿಗ್ರಿಗೆ ಮೊದಲೇ ಕಾಯಿಸಿ, ಒಲೆಯಲ್ಲಿ ಒಣಗಿಸಿದ 7018 ಬಗೆಯ ಲೋ ಹೈಡ್ರೋಜನ್ ರಾಡ್ ಬಳಸಿ, ಮುಗಿದಮೇಲೆ ಬೂದಿ ಅಥವಾ ಸುಣ್ಣದ ಪುಡಿಯಲ್ಲಿ ಹೂತು ನಿಧಾನಕ್ಕೆ ತಣಿಯಲು ಬಿಡಬೇಕು. ತಣ್ಣೀರು ಸುರಿದು ಬೇಗ ಮುಗಿಸುವ ಅಭ್ಯಾಸ ಇರುವ ವೆಲ್ಡರ್ ಹತ್ತಿರ ಇದನ್ನು ಕೊಡಲೇಬೇಡಿ.

ಇಷ್ಟೆಲ್ಲ ಮಾಡಿದರೂ ತಿರುಗುವ ಶಾಫ್ಟಿನ ಮೇಲಿನ ವೆಲ್ಡ್ ಹೊಸ ಶಾಫ್ಟಿನಷ್ಟು ಬಾಳುವುದಿಲ್ಲ. ಕಡಿದ ಕಬ್ಬು ಒಣಗುತ್ತಾ ಬಿದ್ದಿದ್ದರೆ ವೆಲ್ಡ್ ಹಾಕಿ ಅದನ್ನು ಅರೆದು ಮುಗಿಸಿ. ಹೊಸ ಬಾರಿನ ಆರ್ಡರನ್ನು ಮಾತ್ರ ಅವತ್ತೇ ಕೊಟ್ಟುಬಿಡಿ, ಕೀವೇ ಮೂಲೆಯ ರೇಡಿಯಸ್ಸನ್ನು ಡ್ರಾಯಿಂಗಿನಲ್ಲಿ ಬರೆದು.